ಆರನೇ ನಂಬರಿನ ಬಸ್ಸು

2023ರ ಅಕ್ಟೋಬರ್‌ನಲ್ಲಿ ನಾವು ಏಳು ಜನ ವೈಮರ್‌ಗೆ ಹೋಗಿದ್ದೆವು. ಇಲ್ಮೆನಾವ್‌ನಲ್ಲಿ ಓದುವ ನಮ್ಮಂಥವರಿಗೆ ವೈಮರ್ ದೂರವೇನಲ್ಲ. ಎರ್ಫುರ್ಟ್‌ನಲ್ಲಿ ರೈಲು ಬದಲಾಯಿಸಿದರೆ ಆಯ್ತು. ಚೀಲದಲ್ಲಿ ಚಿತ್ರಾನ್ನ, ಜೊತೆಗೆ ಪುಣೆಯ ಗೆಳತಿ ಮಾಡಿದ ಥೇಪ್ಲಾ. ರೈಲಿನಲ್ಲಿ ಡಬ್ಬಿ ತೆಗೆದ ಕೂಡಲೇ ಎದುರಿಗಿದ್ದ ಅಜ್ಜಿ ಮೂಗರಳಿಸಿ ನಕ್ಕರು. ಬೈದದ್ದೋ ಮೆಚ್ಚಿದ್ದೋ ಗೊತ್ತಾಗಲಿಲ್ಲ :)

ಗೋತೆ ನಮಗೆ ಒಂಥರಾ ಪಕ್ಕದ ಮನೆಯವನು. ಇಲ್ಮೆನಾವ್ ಹತ್ತಿರದ ಕಿಕೆಲ್‌ಹಾನ್ ಗುಡ್ಡದ ಮೇಲಿನ ಮರದ ಗುಡಿಸಲ ಗೋಡೆಯಲ್ಲೇ ಅವನು 1780ರಲ್ಲಿ ಒಂದು ಪುಟ್ಟ ಕವಿತೆ ಬರೆದದ್ದು. ಆದರೆ ಅವನ ಖಾಸಾ ಊರು ವೈಮರ್. 1775ರಲ್ಲಿ ಬಂದವನು 1832ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಶಾಕುಂತಲವನ್ನು ಅವನು ತಲೆ ಮೇಲೆ ಹೊತ್ತು ಕುಣಿದ ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದರು, ನಿಮ್ಮ ಮೇಷ್ಟ್ರೂ ಹೇಳಿರಬೇಕು. ಕುಣಿದದ್ದು ಕತೆಯಿರಬಹುದು. ಆದರೆ 1791ರಲ್ಲಿ ಜರ್ಮನ್ ಅನುವಾದ ಬಂದ ವರ್ಷವೇ ಅದನ್ನು ಹೊಗಳಿ ನಾಲ್ಕು ಸಾಲು ಬರೆದದ್ದು ನಿಜ. ಅವನು ಸತ್ತ ಕೋಣೆ ನೋಡಿದರೆ ಆಶ್ಚರ್ಯವಾಗುತ್ತೆ. ಅಷ್ಟು ದೊಡ್ಡ ಮನೆಯಲ್ಲಿ ಒಂದು ಸಣ್ಣ ಹಾಸಿಗೆ, ಪಕ್ಕದಲ್ಲಿ ಒಂದು ಕುರ್ಚಿ, ಅಷ್ಟೇ.

ಶನಿವಾರ ಊರೆಲ್ಲಾ ಈರುಳ್ಳಿ! ಅಕ್ಟೋಬರ್‌ನ ಎರಡನೇ ವಾರಾಂತ್ಯ ಅಲ್ಲಿ ಈರುಳ್ಳಿ ಜಾತ್ರೆ. ಒಣಹೂಗಳ ಜೊತೆ ಜಡೆ ಹೆಣೆದ ಈರುಳ್ಳಿ ಮಾರುತ್ತಾರೆ, ಥೇಟ್ ನಮ್ಮ ಮೊಗ್ಗಿನ ಜಡೆ. ಥಿಯೇಟರಿನ ಮುಂದೆ ಗೋತೆ, ಷಿಲ್ಲರ್ ಇಬ್ಬರೂ ಒಂದೇ ಎತ್ತರದಲ್ಲಿ ನಿಂತಿರುವ ಪ್ರತಿಮೆ ಇದೆ. ನಿಜದಲ್ಲಿ ಷಿಲ್ಲರ್ ಒಂದು ಗೇಣು ಎತ್ತರ ಇದ್ದನಂತೆ. ಯಾರಿಗೂ ಬೇಜಾರಾಗದಂತೆ ಶಿಲ್ಪಿ ಸರಿ ಮಾಡಿದ್ದಾನೆ! ಅದೇ ಥಿಯೇಟರಿನಲ್ಲಿ 1919ರಲ್ಲಿ ಜರ್ಮನಿಯ ಗಣರಾಜ್ಯದ ಸಂವಿಧಾನ ರೂಪುಗೊಂಡಿತು.

ರಾತ್ರಿ ಹಾಸ್ಟೆಲಿನಲ್ಲಿ ಜಗಳ ಶುರುವಾಯ್ತು. ಭಾನುವಾರ ಬುಖೆನ್‌ವಾಲ್ಡ್‌ಗೆ ಹೋಗಬೇಕು ಅಂತ ನಾನು ಮೊದಲೇ ಹೇಳಿದ್ದೆ. "ರಜೆ ದಿನ ಸ್ಮಶಾನಕ್ಕಾ? ತಿಂಗಳಿಗೊಂದು ಟ್ರಿಪ್ಪು ನಮಗೆ" ಅಂದ ದಾವಣಗೆರೆಯವನು. ಮೂವರು ಅವನ ಕಡೆ. ಕೊನೆಗೆ ಇಸ್ಪೀಟು ಹಾಕಿ ತೀರ್ಮಾನ ಮಾಡಿದೆವು (ಹೌದು, ಕ್ಯಾಂಪಿಗೆ ಹೋಗೋದನ್ನ ಇಸ್ಪೀಟಲ್ಲಿ!).

ಊರ ಮಧ್ಯದಿಂದಲೇ ಆರನೇ ನಂಬರಿನ ಬಸ್ಸು. ಇಪ್ಪತ್ತು ನಿಮಿಷ. ಅದು ಏರುವ ರಸ್ತೆಯನ್ನು ಕೈದಿಗಳಿಂದಲೇ ಮಾಡಿಸಿದ್ದು. ಜನ ಅದನ್ನು 'ರಕ್ತದ ರಸ್ತೆ' ಅಂತಲೇ ಕರೀತಾರೆ. ನಾವು ಹಿಂದಿನ ದಿನ ಥೇಪ್ಲಾ ಡಬ್ಬಿ ಹಿಡಿದು ಇಳಿದ ರೈಲು ನಿಲ್ದಾಣಕ್ಕೇ ಮೊದಲ ವರ್ಷಗಳಲ್ಲಿ ಕೈದಿಗಳೂ ಬಂದಿಳಿಯುತ್ತಿದ್ದರು. ಮೇಲಿನವರೆಗೆ ಹಳಿ ಬಂದದ್ದು 1943ರಲ್ಲಿ.

ನನಗೆ ಅಲ್ಲಿ ಓದಿದ್ದರಲ್ಲಿ ತಲೆಯಿಂದ ಇಳಿಯದೇ ಇರುವುದು ಒಂದು ಹೆಸರಿನ ಕತೆ. 1937ರ ಜುಲೈನಲ್ಲಿ ಶಿಬಿರ ಶುರುವಾದಾಗ ಅದಕ್ಕೆ ಆ ಗುಡ್ಡದ್ದೇ ಹೆಸರು, ಎಟ್ಟರ್ಸ್‌ಬರ್ಗ್. ವೈಮರಿನ ನಾಜಿ ಸಾಂಸ್ಕೃತಿಕ ಮಂಡಳಿಯವರು ತಕರಾರು ತೆಗೆದರು: ಎಟ್ಟರ್ಸ್‌ಬರ್ಗ್ ಗೋತೆಯ ಜೊತೆ ಸೇರಿಕೊಂಡ ಹೆಸರು, ಅದನ್ನ ಇದಕ್ಕೆ ಇಡಬಾರದು ಅಂತ. ಹಿಮ್ಲರ್ ಒಪ್ಪಿ ಹೆಸರು ಬದಲಿಸಿದ. ಬುಖೆನ್‌ವಾಲ್ಡ್ ಅಂದರೆ ಬೀಚ್ ಮರಗಳ ಕಾಡು. ಕೇಳೋಕೆ ಎಷ್ಟು ಚಂದ! ಅವರ ತಕರಾರು ಶಿಬಿರದ ಬಗ್ಗೆ ಅಲ್ಲ ನೋಡಿ, ಹೆಸರಿನ ಬಗ್ಗೆ. "ಗೋತೆ ಹುಟ್ಟುಹಾಕಿದ ಸಂಸ್ಕೃತಿಯಲ್ಲಿ ಇಂಥದ್ದು ಹೇಗಾಯ್ತಪ್ಪಾ" ಅಂತ ಅಚ್ಚರಿಪಡುವ ಲೇಖನಗಳನ್ನು ಓದಿದಾಗ ನನಗೆ ಈಗ ಕಿರಿಕಿರಿಯಾಗುತ್ತೆ. ಅವರಿಗೆ ಗೋತೆ ಚೆನ್ನಾಗಿಯೇ ಗೊತ್ತಿದ್ದ. ಕಾಡು ಕಡಿಯುವಾಗ ಒಂದು ಹಳೇ ಓಕ್ ಮರವನ್ನು ಉಳಿಸಿಕೊಂಡಿದ್ದರು. ಕೈದಿಗಳು ಅದನ್ನು ಗೋತೆ ಮರ ಅನ್ನುತ್ತಿದ್ದರು. 1944ರ ಬಾಂಬ್ ದಾಳಿಯಲ್ಲಿ ಸುಟ್ಟಿತು, ಈಗ ಬುಡ ಮಾತ್ರ ಇದೆ.

ಗೇಟಿನ ಗಡಿಯಾರ 3.15ಕ್ಕೆ ನಿಂತಿದೆ. 1945ರ ಏಪ್ರಿಲ್ 11ರಂದು ಬಿಡುಗಡೆಯಾದ ಹೊತ್ತು. ಕಬ್ಬಿಣದ ಅಕ್ಷರಗಳಲ್ಲಿ 'ಅವರವರಿಗೆ ಸಲ್ಲಬೇಕಾದ್ದು ಅವರವರಿಗೆ' ಅನ್ನೋ ಅರ್ಥದ ಮಾತು. ಹೊರಗಿಂದ ತಿರುಗುಮುರುಗಾಗಿ ಕಾಣುತ್ತೆ, ಯಾಕಂದ್ರೆ ಓದಬೇಕಿದ್ದವರು ಒಳಗಿದ್ದರು. ಅಕ್ಷರ ರೂಪಿಸಿದ್ದು ಫ್ರಾಂಜ್ ಎರ್ಲಿಖ್ ಅನ್ನೋ ಕೈದಿ, ಬೌಹೌಸ್‌ನಲ್ಲಿ ಕಲಿತವನು. ನಾಜಿಗಳಿಗೆ ಆಗದ ಬೌಹೌಸ್ ಶೈಲಿಯನ್ನೇ ಅವರ ಗೇಟಿಗೆ ಕೂರಿಸಿಬಿಟ್ಟ. ಇದನ್ನು ಕೇಳಿ ನಮ್ಮ ಗುಂಪಿನ ಆರ್ಕಿಟೆಕ್ಚರ್ ಹುಡುಗಿ ತುಂಬಾ ಹೊತ್ತು ಅಲ್ಲೇ ನಿಂತಳು.

ಒಳಗೆ ಬಯಲು, ಜಲ್ಲಿಕಲ್ಲು, ಗಾಳಿ. ಬ್ಯಾರಕ್ಕುಗಳಿಲ್ಲ, ಇದ್ದ ಜಾಗದ ಗುರುತುಗಳಷ್ಟೇ. ಎರಡು ಲಕ್ಷ ಎಂಬತ್ತು ಸಾವಿರದಷ್ಟು ಜನರನ್ನು ಈ ಶಿಬಿರದಲ್ಲೂ ಅದರ ಉಪಶಿಬಿರಗಳಲ್ಲೂ ಕೂಡಿಹಾಕಿದ್ದರು. ಸುಮಾರು 56,000 ಜನ ಸತ್ತರು. ಬಯಲಲ್ಲಿ ನೆಲಕ್ಕೆ ಕೂರಿಸಿದ ಒಂದು ಲೋಹದ ಫಲಕವಿದೆ, 1995ರದ್ದು. ಅದನ್ನು ವರ್ಷವಿಡೀ 37 ಡಿಗ್ರಿಯಲ್ಲಿ ಇಟ್ಟಿರುತ್ತಾರೆ, ಮನುಷ್ಯನ ಮೈ ಬಿಸಿಯಷ್ಟು. ಹಿಮ ಬಿದ್ದರೂ ಅದರ ಮೇಲೆ ನಿಲ್ಲೋದಿಲ್ಲ. ನಮಗೆ ಕೈ ಮರಗಟ್ಟುವಷ್ಟು ಚಳಿ. ದಾವಣಗೆರೆಯವನು ಮಂಡಿಯೂರಿ ಅಂಗೈ ಇಟ್ಟ. "ಜ್ವರ ಇಲ್ದಿರೋ ಮಗು ಹಣೆ ಮುಟ್ದಂಗಿದೆ ಕಣೋ" ಅಂದ. ನಾನೂ ಮುಟ್ಟಿದೆ. ಹಾಗೇ ಇತ್ತು.

1945ರ ಏಪ್ರಿಲ್ 16ರಂದು ಅಮೆರಿಕನ್ನರು ವೈಮರಿನ ಸಾವಿರದಷ್ಟು ಜನರನ್ನು ಇಲ್ಲಿಗೆ ನಡೆಸಿಕೊಂಡು ಬಂದು ಎಲ್ಲ ತೋರಿಸಿದರು. ನಮಗೆ ಗೊತ್ತೇ ಇರಲಿಲ್ಲ ಅಂದರಂತೆ ಜನ. ಇಪ್ಪತ್ತು ನಿಮಿಷದ ಬಸ್ಸು ದಾರಿ...

ಇನ್ನೊಂದು ವಿಷಯ ಬಹಳ ಜನ ಬರೆಯೋದಿಲ್ಲ. ಸೋವಿಯತ್ತರು ಬಂದ ಮೇಲೆ 1945ರಿಂದ 1950ರವರೆಗೆ ಇದೇ ಜಾಗ ಅವರ ಬಂದೀಖಾನೆಯಾಯಿತು. ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಾಗಿ ಹಸಿವು, ಕಾಯಿಲೆಯಿಂದ. ಅವರನ್ನು ಹೂತ ಕಾಡಿನಲ್ಲಿ ಮರಗಳ ನಡುವೆ ಉಕ್ಕಿನ ಕಂಬಗಳನ್ನು ನೆಟ್ಟಿದ್ದಾರೆ. ದೂರದಿಂದ ನೋಡಿದರೆ ಮರ ಯಾವುದು ಕಂಬ ಯಾವುದು ತಿಳಿಯಲ್ಲ.

ಹೋಗೋರಿದ್ದರೆ: ಪ್ರವೇಶಕ್ಕೆ ದುಡ್ಡಿಲ್ಲ, ಸೋಮವಾರ ಪ್ರದರ್ಶನ ರಜೆ. ಅರ್ಧ ದಿನವಾದರೂ ಇಟ್ಟುಕೊಳ್ಳಿ. ಗುಡ್ಡದ ಮೇಲೆ ಊರಿಗಿಂತ ಚಳಿ ಜಾಸ್ತಿ, ಕಿವಿ ಮುಚ್ಚೋ ಟೋಪಿ ಮರೀಬೇಡಿ.