ಹಿಡಿದುಕೊಳ್ಳುವವರು ಬೇಕಾಗಿದ್ದಾರೆ

ನಮ್ಮ ಐವರ್ನಾಡಿನ ಕಡೆ ಮರಗೆಲಸದ ಹುಚ್ಚು ಹಿಡಿಯಲು ದೊಡ್ಡ ಕಾರಣವೇನೂ ಬೇಡ. ಮಳೆಗಾಲದ ಗಾಳಿಗೆ ಹಲಸೋ ಹೆಬ್ಬಲಸೋ ತೋಟಕ್ಕೆ ಅಡ್ಡ ಬೀಳುತ್ತದೆ. ಸಾಮಿಲ್ಲಿಗೆ ಸಾಗಿಸಿ, ಹಲಗೆ ಸೀಳಿಸಿ, ಅಟ್ಟದಲ್ಲಿ ಒಣಗಲು ಪೇರಿಸಿ, ಆಚಾರಿಗೆ ಫೋನು ಮಾಡುತ್ತೇವೆ. ಅವರು ‘ಬರುವ ವಾರ’ ಎನ್ನುತ್ತಾರೆ. ಆ ವಾರ ಯಾವ ಪಂಚಾಂಗದಲ್ಲೂ ಇರುವುದಿಲ್ಲ. ಕಾದು ಸಾಕಾಗಿ, ಉಳಿ, ಗರಗಸ, ಕೀಸುಳಿಗಳನ್ನು ತಾವೇ ಕೊಂಡು, ದನ ಮಾರಿ ಖಾಲಿಯಾದ ಕೊಟ್ಟಿಗೆಯನ್ನೇ ಕೆಲಸದ ಶಾಲೆ ಮಾಡಿಕೊಂಡವರು ಸುಳ್ಯ ಸೀಮೆಯಲ್ಲಿ ನಾನೊಬ್ಬನೇ ಇರಲಾರೆ.

ಉಳಿ ಕೊಳ್ಳುವಾಗಿನ ಉತ್ಸಾಹ ಮೊದಲ ಹಲಗೆಯ ಅಂಚು ಕೀಸುವಾಗ ಇಳಿದುಹೋಗುತ್ತದೆ. ಕೀಸುಳಿ ಮುಂದೆ ಹೋದರೆ ಹಲಗೆಯೂ ಅದರ ಜೊತೆಗೇ ಪ್ರಯಾಣ ಹೊರಡುತ್ತದೆ. ಎಡಗೈಯಲ್ಲಿ ಹಲಗೆ ಹಿಡಿದರೆ ಕೀಸುಳಿಗೆ ಒಂದೇ ಕೈ, ಎರಡೂ ಕೈ ಕೀಸುಳಿಗೆ ಕೊಟ್ಟರೆ ಹಲಗೆ ಅನಾಥ. ಮರಗೆಲಸದಲ್ಲಿ ಕೊಯ್ಯುವುದು, ಕೀಸುವುದು, ಕೊರೆಯುವುದೆಲ್ಲ ಆಮೇಲಿನ ಮಾತು. ಮೊದಲು ಹಿಡಿದುಕೊಳ್ಳುವವರು ಬೇಕು.

ಹಳೆಯ ಆಚಾರಿಗಳಿಗೆ ಈ ತಾಪತ್ರಯ ಇರಲಿಲ್ಲ. ನೆಲದ ಮೇಲೊಂದು ಕೊರಡು ಹಾಕಿ, ಅವರಿಗಷ್ಟೇ ಸಾಧ್ಯವಾದ ಭಂಗಿಯಲ್ಲಿ ಕೂತು, ಹಿಮ್ಮಡಿಯಿಂದ ಮರವನ್ನು ಒತ್ತಿ, ಹೆಬ್ಬೆರಳಿನಿಂದಲೇ ಅದರ ಮೂತಿ ತಿರುಗಿಸುತ್ತ, ಬೆರಳಿನಿಂದ ಒಂದಂಗುಲ ಈಚೆಗೆ ಬಾಚಿ ಇಳಿಸುತ್ತಿದ್ದರು. ನೋಡುವವರಿಗೆ ಮೈ ಜುಮ್ಮೆನ್ನುತ್ತಿತ್ತು. ಅವರ ಗಮನ ಬಾಯಲ್ಲಿದ್ದ ಎಲೆಯಡಿಕೆಯ ಕಡೆಗೆ. ನಮ್ಮ ಅಡುಗೆಮನೆಯ ಮೆಟ್ಟುಕತ್ತಿಯ ಲೆಕ್ಕಾಚಾರವೂ ಇದೇ: ಕತ್ತಿಯನ್ನು ಕಾಲು ನೋಡಿಕೊಳ್ಳುತ್ತದೆ, ಎರಡು ಕೈಯೂ ಸೌತೆಕಾಯಿಗೆ. ಕಾಲಿಗೆ ಬಗ್ಗದಷ್ಟು ಉದ್ದದ ಹಲಗೆಯಾದರೆ ಮನೆಯ ಮಕ್ಕಳನ್ನು ಕರೆದು ಅದರ ಮೇಲೆ ಕೂರಿಸುತ್ತಿದ್ದರು. ‘ಅಲುಗಬೇಡ’ ಎಂಬುದೊಂದೇ ಸೂಚನೆ, ಬೆಲ್ಲದ ತುಂಡೇ ಸಂಬಳ. ಹಾಗೆ ಕೂತವರಲ್ಲಿ ನಾನೂ ಒಬ್ಬ.

ಈಗ ಕೂರಲು ಮಕ್ಕಳು ಊರಲ್ಲಿಲ್ಲ, ಕೊರಡಿನ ಮುಂದೆ ಕೂರಲು ನಮ್ಮ ಮಂಡಿ ಒಪ್ಪುವುದಿಲ್ಲ. ನಿಂತು ಕೆಲಸ ಮಾಡುವವನಿಗೆ ಮೇಜು ಬೇಕು, ಮೇಜಿಗೆ ಮರವನ್ನು ಕಚ್ಚಿ ಹಿಡಿಯುವ ವೈಸ್ ಬೇಕು.

ಸುಳ್ಯಕ್ಕೋ ಪುತ್ತೂರಿಗೋ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ‘ವೈಸ್ ಕೊಡಿ’ ಎಂದರೆ ತೆಗೆದಿಡುವುದು ನೀಲಿಯೋ ಹಸಿರೋ ಬಣ್ಣ ಬಳಿದ, ಗ್ಯಾರೇಜಿನ ವೈಸು. ಅದು ಮೇಜಿನ ಮೇಲೆ ಕೂರುವ ಪ್ರಾಣಿ. ದವಡೆಗೆ ಹಲ್ಲಿನಂಥ ಗೀರುಗಳಿರುತ್ತವೆ. ಪಂಪಿನ ಶಾಫ್ಟು ಹಿಡಿಯಲು ಬಲು ಸೊಗಸು, ಹಲಸಿನ ಹಲಗೆ ಕೊಟ್ಟರೆ ಕಚ್ಚಿದ ಗುರುತು ಉಳಿಸಿಯೇ ಬಿಡುತ್ತದೆ. ಮರಗೆಲಸದ ವೈಸಿನ ಜಾತಿಯೇ ಬೇರೆ. ಅದನ್ನು ಮೇಜಿನ ಹಲಗೆಯ ಅಡಿಗೆ ಬೋಲ್ಟ್ ಹಾಕಿ ಕೂರಿಸಬೇಕು, ದವಡೆಯ ಮೇಲಂಚು ಮೇಜಿನ ಮಟ್ಟ ಮೀರಬಾರದು. ದವಡೆ ಅಗಲ, ನಯ. ಅದಕ್ಕೆ ಮರದ ಪಟ್ಟಿ ಹೊಡೆಯಲೆಂದೇ ತೂತು ಬಿಟ್ಟಿರುತ್ತಾರೆ. ಅಂಗಡಿಯವರಿಗೆ ಹೇಳಿ ತರಿಸಬೇಕಾದೀತು. ‘ಎರಡೂ ಒಂದೇ, ಇದನ್ನೇ ಒಯ್ಯಿರಿ’ ಎಂಬ ಮಾತಿಗೆ ಮಾತ್ರ ಮರುಳಾಗಬೇಡಿ.

ಮನೆಯ ಕೆಲಸಕ್ಕೆ ದವಡೆ 7 ಅಂಗುಲ ಅಗಲವಿದ್ದರೆ ಧಾರಾಳ. ಬಾಗಿಲು ಕಿಟಕಿಯ ದೊಡ್ಡ ಚೌಕಟ್ಟಿನ ಆಸೆ ಇರುವವರು 9 ಅಂಗುಲದ್ದು ನೋಡಬಹುದು, ಆದರೆ ಅದರ ತೂಕ 15 ಕಿಲೋದ ಆಸುಪಾಸು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾಗುತ್ತಿದ್ದ ರೆಕಾರ್ಡ್ ಕಂಪೆನಿಯ 52 ಮತ್ತು ಐವತ್ತೆರಡೂವರೆ ನಂಬರಿನ ವೈಸುಗಳು ಈ ಎರಡು ಅಳತೆಗೆ ಮಾದರಿ. ಈಗ ನಮ್ಮ ದೇಶದಲ್ಲೇ ಗ್ರೋಜ್ ಮೊದಲಾದವರು ಅದೇ ನಮೂನೆಯದನ್ನು ಮಾಡುತ್ತಾರೆ. ಅದರಲ್ಲೊಂದು ಪುಟ್ಟ ತಾಳು ಇರುತ್ತದೆ. ಒತ್ತಿದರೆ ತಿರುಪಿನ ಹಿಡಿತ ಬಿಟ್ಟು ದವಡೆ ಸರ್ರನೆ ಜಾರುತ್ತದೆ, ಬಿಟ್ಟರೆ ಮತ್ತೆ ತಿರುಪು ಕಚ್ಚುತ್ತದೆ. ಈ ತಾಳಿಗೆ ಹೆಚ್ಚು ದುಡ್ಡು ಕೊಡುವುದು ದಂಡವಲ್ಲ. ಒಂದು ಸ್ಟೂಲು ಮಾಡುವಷ್ಟರಲ್ಲಿ ವೈಸನ್ನು ಎಷ್ಟು ಸಲ ಬಿಚ್ಚಿ ಮುಚ್ಚುತ್ತೇವೆಂದು ತೋಳಿಗೆ ಗೊತ್ತು.

ತಿರುಪಿನ ಬಲವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಹಿಡಿಕೆಯ ತುದಿ ಒಂದು ಸುತ್ತು ಬರುವಾಗ ಸುಮಾರು 75 ಸೆಂಟಿಮೀಟರ್ ಓಡುತ್ತದೆ. ಅಷ್ಟರಲ್ಲಿ ದವಡೆ ಮುಂದೆ ಬರುವುದು 6 ಮಿಲಿಮೀಟರ್. ಘರ್ಷಣೆ ಮುಕ್ಕಾಲು ಪಾಲು ನುಂಗಿದರೂ ಕೈಯ 10 ಕಿಲೋ ಒತ್ತಡ ದವಡೆಯಲ್ಲಿ 300 ಕಿಲೋ ಆಗುತ್ತದೆ. ಆದ್ದರಿಂದ ಹಿಡಿಕೆಗೆ ಪೈಪು ತುರುಕಿ ಬಿಗಿಯುವ ಶೌರ್ಯ ಬೇಡ. ಬೀಡುಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ.

ಹಳೆಯದು ಸಿಕ್ಕಿದರೆ ಬಿಡಬೇಡಿ, ಆದರೆ ಮೊದಲು ಒಂದು ಮೊಳೆಯಿಂದ ದವಡೆಗೆ ತಟ್ಟಿ ಕೇಳಿ. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ, ಬಿರುಕು ಬಿಟ್ಟದ್ದು ‘ಟಪ್’ ಎನ್ನುತ್ತದೆ. ಆಮೇಲೆ ದವಡೆಗಳನ್ನು ಮೆಲ್ಲಗೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ಮೇಲಂಚು ಮೊದಲು ಮುಟ್ಟಿ ಕೆಳಗೆ ಕೂದಲೆಳೆಯ ಸಂದು ಉಳಿದರೆ ಅದು ದೋಷವಲ್ಲ, ಬೇಕೆಂದೇ ಮಾಡಿದ್ದು. ಬಿಗಿದಾಗ ಎರಡೂ ಸಮವಾಗಿ ಕೂರುತ್ತವೆ. ಕೆಳಗೆ ಮುಟ್ಟಿ ಮೇಲೆ ಸಂದಿದ್ದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ. ಇನ್ನೊಂದು: ಮರವನ್ನು ದವಡೆಯ ಒಂದೇ ತುದಿಯಲ್ಲಿ ಸಿಕ್ಕಿಸಿದರೆ ದವಡೆ ಓರೆಯಾಗಿ ಹಿಡಿತ ತಪ್ಪುತ್ತದೆ. ಅಷ್ಟೇ ದಪ್ಪದ ಇನ್ನೊಂದು ತುಂಡನ್ನು ಆ ಕಡೆಗೂ ಇಟ್ಟರೆ ಮುಗಿಯಿತು.

ದವಡೆಯ ಮರದ ಪಟ್ಟಿಗೆ ಏನಾದರೂ ಮೆತ್ತಗಿನದು ಅಂಟಿಸಬೇಕೆಂದಾಗ ರಬ್ಬರ್ ಊರಿನವರಾದ ನಮಗೆ ಸಹಜವಾಗಿ ತೋರುವುದು ರಬ್ಬರ್ ಶೀಟು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ನೆಲೆ ಕಂಡ ಸರಕಾರಿ ತೋಟಗಳಿಂದ ಹಿಡಿದು ನಮ್ಮ ಗುಡ್ಡದ ಬದಿಯವರೆಗೆ ಇಲ್ಲಿ ರಬ್ಬರಿಗೇನು ಬರ? ಆದರೆ ಶೀಟು ಈ ಕೆಲಸಕ್ಕಾಗದು. ವಲ್ಕನೈಸ್ ಆಗದ ರಬ್ಬರು ಒತ್ತಡಕ್ಕೆ ನಿಧಾನವಾಗಿ ಹರಡಿಕೊಳ್ಳುತ್ತದೆ, ಏಪ್ರಿಲಿನ ಸೆಕೆಗೆ ಅಂಟುತ್ತದೆ. ಹಳೆಯ ಚಪ್ಪಲಿಯ ಚರ್ಮವೋ ಸೈಕಲ್ ಟ್ಯೂಬಿನ ತುಂಡೋ ವಾಸಿ. ಟ್ಯೂಬನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿಟ್ಟುಕೊಂಡರೆ ಇನ್ನೊಂದು ಲಾಭವಿದೆ. ಯಾವ ಕ್ಲ್ಯಾಂಪಿಗೂ ಬಗ್ಗದ ಡೊಂಕು ಕುರ್ಚಿಕಾಲಿಗೆ ಫೆವಿಕಾಲ್ ಹಚ್ಚಿ ಪಟ್ಟಿಯನ್ನು ಎಳೆದೆಳೆದು ಸುತ್ತಿಬಿಟ್ಟರೆ ಮರುದಿನದವರೆಗೆ ಬಿಗಿಯಾಗಿ ಹಿಡಿದಿರುತ್ತದೆ. ಆಷಾಢದ ತೇವದಲ್ಲಿ ಅಂಟು ಒಣಗಲು ಇನ್ನೂ ಒಂದು ದಿನ ಹೆಚ್ಚು ಕೊಡಿ.

ಹಲಗೆಗಳನ್ನು ಪಕ್ಕ ಪಕ್ಕ ಕೂಡಿಸಲು ಉದ್ದದ ಕ್ಲ್ಯಾಂಪ್ ಬೇಕು, ಅದಕ್ಕೆ ರೇಟು ಜಾಸ್ತಿ. ಪಿವಿಸಿ ಬರುವ ಮೊದಲಿನ ಜಿಐ ಪೈಪು ಎಷ್ಟೋ ತೋಟಗಳ ಮೂಲೆಯಲ್ಲಿ ಬಿದ್ದಿದೆ. ಮುಕ್ಕಾಲು ಅಂಗುಲದ ಪೈಪಿಗೆ ಹೊಂದುವ ಕ್ಲ್ಯಾಂಪಿನ ತಲೆಗಳನ್ನಷ್ಟೇ ಕೊಂಡು, ಪೈಪಿನ ತುದಿಗೆ ಥ್ರೆಡ್ ಹಾಕಿಸಿದರೆ ಬೇಕಾದಷ್ಟು ಉದ್ದದ ಕ್ಲ್ಯಾಂಪ್ ತಯಾರು. ಅದೂ ಬೇಡವೆಂದರೆ ಎರಡು ಗಟ್ಟಿ ರೀಪಿನ ನಡುವೆ ಹಲಗೆಗಳನ್ನಿಟ್ಟು ಎದುರುಬದುರು ಜೋಡಿ ಬೆಣೆ ಬಡಿಯುವುದು. ಇದಕ್ಕಿಂತ ಅಗ್ಗದ್ದು ನನಗೆ ಗೊತ್ತಿಲ್ಲ.

ಕಮ್ಮಾರನ ಪರಿಚಯವಿದ್ದವರು ಒಂದು ಕಬ್ಬಿಣದ ಕೊಕ್ಕೆಯನ್ನೂ ಮಾಡಿಸಿಕೊಳ್ಳಬಹುದು. ಫ್ರಾನ್ಸಿನ ಬಡಗಿ ಆಂದ್ರೆ ರೂಬೋ 1769ರಿಂದ ಪ್ರಕಟಿಸಿದ ಬಡಗಿತನದ ಗ್ರಂಥದಲ್ಲಿ ಅದರ ಚಿತ್ರವಿದೆ. ಮೇಜಿನ ತೂತಿಗೆ ಕೊಕ್ಕೆಯ ಕಾಲು ಇಳಿಸಿ ತಲೆಗೊಂದು ಏಟು ಕೊಟ್ಟರೆ ಹಲಗೆ ಅಂಟಿದಂತೆ ನಿಲ್ಲುತ್ತದೆ, ಬೆನ್ನಿಗೊಂದು ಏಟು ಕೊಟ್ಟರೆ ಬಿಡುತ್ತದೆ. ಜಾರಿದರೆ ಕಾಲನ್ನು ಎಮರಿ ಕಾಗದದಿಂದ ಸ್ವಲ್ಪ ಒರಟು ಮಾಡಿ.

ಇಷ್ಟೆಲ್ಲ ಹೇಳಿದರೂ ವೈಸು ಹಿಡಿಯುವುದು ಮರವನ್ನು ಮಾತ್ರ. ವೈಸನ್ನು ಹಿಡಿಯಬೇಕಾದ್ದು ಮೇಜು. ಪ್ಲೈವುಡ್ಡಿನ ತೆಳು ಮೇಜಿಗೆ ಎಂಥ ಶೆಫೀಲ್ಡಿನ ವೈಸು ಹಾಕಿದರೂ ಕೀಸುವಾಗ ಎರಡೂ ಸೇರಿ ಕೊಟ್ಟಿಗೆಯಿಡೀ ಸಂಚಾರ ಮಾಡುತ್ತವೆ. ಹಳೆಮನೆ ಕೆಡವಿದಲ್ಲಿ ಕಿರಾಲುಬೋಗಿಯ ತೊಲೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಕಾಲು ಬೇರಿಲ್ಲ. ರಬ್ಬರ್ ಮರವೂ ಆದೀತು, ಆದರೆ ಅದರಲ್ಲಿ ಪಿಷ್ಟ ಹೆಚ್ಚು. ಕಡಿದ ಕೆಲವೇ ದಿನಗಳಲ್ಲಿ ಬೊರಾಕ್ಸ್–ಬೋರಿಕ್ ಆಮ್ಲದ ಉಪಚಾರ ಆಗದಿದ್ದರೆ ಮೊದಲು ನೀಲಿ ಕಲೆ, ಆಮೇಲೆ ಹುಳ. ಮೇಜಿನ ತಳದಲ್ಲೊಂದು ಅಟ್ಟಣಿಗೆ ಮಾಡಿ ಮಿಕ್ಕಿದ ಕೆಂಪುಕಲ್ಲುಗಳನ್ನು ಪೇರಿಸಿಬಿಡಿ.

ಅಂಗಡಿಗೆ ಹೊರಡುವ ಮೊದಲು ನಿಮ್ಮ ಮೇಜನ್ನು ಸೊಂಟ ಕೊಟ್ಟು ಒಮ್ಮೆ ತಳ್ಳಿ ನೋಡಿ. ಅದು ಕದಲಿದರೆ, ವೈಸಿಗೆಂದು ಎತ್ತಿಟ್ಟ ದುಡ್ಡನ್ನು ಈ ವರ್ಷ ಮೇಜಿಗೇ ಹಾಕಿ.