ಎಮ್ಮೆಯನ್ನು ಈಗಲೇ ಮಾರಬೇಡಿ, ಅಕ್ಕಾ

ಪ್ರೀತಿಯ ಅಕ್ಕನವರಿಗೆ,

ನಿಮ್ಮ ಪತ್ರ ಬಂದು ಎಂಟು ದಿನವಾಯಿತು. ಓದಿದ ಕೂಡಲೇ ಬರೆಯಬೇಕು ಅನಿಸಿತ್ತು. ಆದರೆ ನೀವು ಕೇಳಿರುವುದು ಮಗನ ಮೈಯ ವಿಚಾರ, ಬಾಯಿಗೆ ಬಂದದ್ದನ್ನು ಬರೆಯುವಂತಿಲ್ಲ. ಹಾಗಾಗಿ ನನಗೆ ಗೊತ್ತಿರುವುದನ್ನೆಲ್ಲ ಮತ್ತೊಮ್ಮೆ ನೆನೆದುಕೊಂಡು ಈಗ ಕೂತಿದ್ದೇನೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಡೆ ಹುಡುಗ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಾನೆ, ಮೇಲೆ ತಗಡಿನ ಸೂರು. ಹನ್ನೊಂದು ಗಂಟೆ ಆಗುತ್ತಿದ್ದಂತೆ ಕುತ್ತಿಗೆ, ಎದೆ, ತೋಳಿನ ಮೇಲೆ ಸಣ್ಣ ಸಣ್ಣ ಗಂದೆ ಏಳುತ್ತವೆ, ಸೂಜಿ ಚುಚ್ಚಿದ ಹಾಗೆ ಆಗುತ್ತದೆ, ನೆರಳಿಗೆ ಬಂದು ಕೂತರೆ ಮುಕ್ಕಾಲು ಗಂಟೆಯಲ್ಲಿ ಗುರುತೂ ಇಲ್ಲದೆ ಹೋಗುತ್ತವೆ ಎಂದು ಬರೆದಿದ್ದೀರಿ. ಯಾರೋ ಹಾಲು ಬಿಡಿಸಿ ಎಂದರು, ಮೂರು ತಿಂಗಳಿಂದ ಹಾಲು, ಮೊಸರು, ಟೀ ಎಲ್ಲ ಬಂದ್. ಆದರೂ ಗಂದೆ ನಿಂತಿಲ್ಲ. ಮನೆಯಲ್ಲಿ ಕುಡಿಯುವವನೇ ಇಲ್ಲದ ಮೇಲೆ ಎಮ್ಮೆ ಯಾಕೆ, ಮಾರಿಬಿಡೋಣ ಅಂತ ಯಜಮಾನರು ಅನ್ನುತ್ತಿದ್ದಾರೆ. ಪತ್ರದ ಆ ಕೊನೆಯ ಸಾಲು ಓದಿ ನನಗೆ ನಮ್ಮ ಅಜ್ಜಿಯ ಮನೆ ಕಣ್ಣ ಮುಂದೆ ಬಂತು.

ನಾನು ಡಾಕ್ಟರಲ್ಲ ಅಕ್ಕಾ. ಇದೇ ಕಾಯಿಲೆಯನ್ನು ಹನ್ನೆರಡು ವರ್ಷ ಮೈಮೇಲೆ ಹೊತ್ತವಳು. ಹದಿನೆಂಟರ ವಯಸ್ಸು. ಹೇಮಾವತಿ ಕಡೆಯ ನಮ್ಮ ಹಳ್ಳಿಯಿಂದ ಅಮರಾಪುರಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಯುಗಾದಿಯ ಹೊತ್ತಿನ ಬಿಸಿಲು. ಏರು ಹತ್ತುವಾಗ ಬೆನ್ನೆಲ್ಲ ಚುರುಚುರು ಎಂದಿತು. ಇಳಿದು ತೋಳು ನೋಡಿಕೊಂಡರೆ ರಾಗಿ ಕಾಳಿನಷ್ಟು ಚಿಕ್ಕ ಬಿಳಿ ಉಬ್ಬುಗಳು, ಒಂದೊಂದರ ಸುತ್ತಲೂ ನಾಲ್ಕಾಣೆ ಅಗಲದ ಕೆಂಪು. ಹತ್ತಿರ ಹತ್ತಿರ ಇದ್ದವು ನೋಡನೋಡುತ್ತ ಒಂದಕ್ಕೊಂದು ಕೂಡಿಕೊಂಡವು. ಮನೆಗೆ ಬಂದಾಗ ಅಜ್ಜಿ ಪಿತ್ತ ಎದ್ದಿದೆ ಎಂದು ಕರಿ ಕಂಬಳಿ ತಂದು ಮೈತುಂಬ ಹೊದಿಸಿ, ಅದರ ಅಂಚಿನಿಂದಲೇ ತೋಳು ಉಜ್ಜಿದಳು. ಆ ಕೈಯಲ್ಲಿ ಪ್ರೀತಿ ಎಷ್ಟಿತ್ತೋ ಮೈಯಲ್ಲಿ ಉರಿಯೂ ಅಷ್ಟೇ ಏರಿತು. ಚಳಿಗಾಳಿಗೆ, ತಣ್ಣೀರಿಗೆ ಏಳುವ ಗಂದೆಗೆ ಕಂಬಳಿಯ ಬಿಸುಪು ಸರಿಯಾದದ್ದೇ. ಸೆಕೆಗೆ ಏಳುವುದಕ್ಕೆ ಅದು ಬೆಂಕಿಗೆ ಸೌದೆ ಇಟ್ಟಂತೆ. ಎರಡೂ ನೋಡಲು ಗಂದೆಯೇ, ಆದರೆ ಎಬ್ಬಿಸುವವು ಬೇರೆ ಬೇರೆ. ಇದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ನಮ್ಮ ಗಡಿಸೀಮೆಯಲ್ಲಿ ಕಾಯಿಲೆಯ ಹೆಸರು ಹೇಳುವುದೇ ಒಂದು ಪಾಡು. 1953ರವರೆಗೆ ನಿಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರದ ಅನಂತಪುರಕ್ಕೆ ಸೇರಿತು. ಮೂರು ಕಡೆ ಕರ್ನಾಟಕವೇ ಸುತ್ತಿಕೊಂಡಿರುವ ನಮ್ಮ ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಯಾವುದಾದರೇನು, ನಾವು ಮನೆಯಲ್ಲಿ ಗಂದೆ ಅನ್ನುತ್ತೇವೆ, ದವಾಖಾನೆಯಲ್ಲಿ ತೆಲುಗಿನಲ್ಲಿ ದದ್ದುರ್ಲು ಅನ್ನಬೇಕು. ದದ್ದುರ್ಲು ಅಂದರೆ ಅವರು ಯಾವ ದದ್ದು ಎಂದುಕೊಳ್ಳುತ್ತಾರೋ! ಒಮ್ಮೆ ನನಗೆ ಬೆವರುಸಾಲೆಯ ಪೌಡರು ಕೊಟ್ಟು ಕಳಿಸಿದ್ದರು. ಬೆವರುಸಾಲೆ ದಿನಗಟ್ಟಲೆ ಮೈಮೇಲೇ ಇರುತ್ತದೆ. ನಿಮ್ಮ ಮಗನದು ಬಂದು ಹೋಗುವುದು. ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಮೈ ನುಣ್ಣಗಿರುತ್ತದೆ. ಆದ್ದರಿಂದ ಮೊದಲ ಕೆಲಸ, ಗಂದೆ ಎದ್ದ ಕೂಡಲೇ ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆಸಿಡಿ. ಯಾವ ಭಾಷೆಯ ಡಾಕ್ಟರಿಗೂ ಅದು ಅರ್ಥವಾಗುತ್ತದೆ.

ನೀವು ಬರೆದ ಲಕ್ಷಣಗಳಿಗೆ ಚರ್ಮದ ಡಾಕ್ಟರುಗಳು ಕೋಲಿನರ್ಜಿಕ್ ಅರ್ಟಿಕೇರಿಯಾ ಎನ್ನುತ್ತಾರೆ. 1924ರಲ್ಲೇ ಅಮೆರಿಕದ ಡ್ಯೂಕ್ ಎಂಬ ವೈದ್ಯ ಇದನ್ನು ಬಣ್ಣಿಸಿ ಬರೆದಿದ್ದ. ಮೈಯೊಳಗಿನ ಬಿಸಿ ಏರಿದಾಗ ನರಗಳು ಅಸಿಟೈಲ್‌ಕೋಲಿನ್ ಎಂಬ ರಸ ಬಿಟ್ಟು ಬೆವರಿನ ಗ್ರಂಥಿಗಳಿಗೆ ಬೆವರು ಸುರಿಸಿ ಎಂದು ಹೇಳುತ್ತವೆ. ಕೆಲವರ ಮೈಯಲ್ಲಿ ಅದೇ ಹೊತ್ತಿಗೆ ಚರ್ಮದ ಮಾಸ್ಟ್ ಕೋಶಗಳಿಂದ ಹಿಸ್ಟಮಿನ್ ಹೊರಬೀಳುತ್ತದೆ. ಉಬ್ಬು, ಕೆಂಪು, ನವೆ ಎಲ್ಲ ಅದರದೇ. ಇನ್ನು ಕೆಲವರಿಗೆ ಅವರ ಬೆವರೇ ಅವರಿಗೆ ಆಗುವುದಿಲ್ಲ. ಎಲ್ಲರ ಚರ್ಮದ ಮೇಲೂ ಇರುವ ಒಂದು ಬಗೆಯ ಬೂಷ್ಟು ಬೆವರಿಗೆ ಬಿಡುವ ಪ್ರೋಟೀನೊಂದು ಇದಕ್ಕೆ ಕಾರಣವಾಗಬಹುದು ಎಂದು ಜಪಾನಿನ ಹಿರೋಷಿಮಾದ ಸಂಶೋಧಕರು 2013ರಲ್ಲಿ ತೋರಿಸಿದರು. ಹೆಚ್ಚಾಗಿ ಹತ್ತರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿ ಶುರುವಾಗುತ್ತದೆ. ಬಿಸಿಲೇ ಆಗಬೇಕೆಂದಿಲ್ಲ, ಓಟ, ಬಿಸಿನೀರಿನ ಸ್ನಾನ, ಖಾರದ ಊಟ, ಸಿಟ್ಟು, ಪರೀಕ್ಷೆಯ ಭಯ, ಯಾವುದಾದರೂ ಸಾಕು.

ಈಗ ಹಾಲಿಗೆ ಬರುತ್ತೇನೆ. ಹಾಲು ಆಗಲ್ಲ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದೇವೆ. ಹಾಲಿನ ಸಕ್ಕರೆಯನ್ನು, ಅಂದರೆ ಲ್ಯಾಕ್ಟೋಸನ್ನು, ಅರಗಿಸುವ ಕಿಣ್ವ ದೊಡ್ಡವರಾದ ಮೇಲೆ ಬಹಳ ಜನಕ್ಕೆ ಕಡಿಮೆಯಾಗುತ್ತದೆ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೆಹಲಿಯಲ್ಲಿ ಪರೀಕ್ಷೆಯಾದವರಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಮಂದಿಗೆ ಹೀಗಿದ್ದರೆ, ದಕ್ಷಿಣದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಇತ್ತು. ಅಂದರೆ ನಮ್ಮ ಸೀಮೆಯಲ್ಲಿ ಇದು ರೋಗ ಎನ್ನುವುದಕ್ಕಿಂತ ಸಾಮಾನ್ಯ ಸಂಗತಿ. ಒಂದು ಚೊಂಬು ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ಎಲ್ಲ ಕರುಳಿನಲ್ಲೇ ನಡೆದು ಅಲ್ಲೇ ಮುಗಿಯುತ್ತದೆ, ಚರ್ಮದವರೆಗೆ ಬರುವುದಿಲ್ಲ. ಮೊಸರು ಹೆಪ್ಪಾಗುವಾಗ ಆ ಸಕ್ಕರೆಯ ಒಂದು ಪಾಲನ್ನು ಹೆಪ್ಪಿನ ಜೀವಿಗಳೇ ತಿಂದಿರುತ್ತವೆ, ಉಳಿದದ್ದನ್ನು ಅರಗಿಸಲೂ ಕೈಜೋಡಿಸುತ್ತವೆ. ಹಾಲು ಆಗದವರಿಗೂ ಮಜ್ಜಿಗೆ ಆಗುವುದು ಅದಕ್ಕೇ. ತುಪ್ಪದಲ್ಲಂತೂ ಆ ಸಕ್ಕರೆ ಇಲ್ಲವೆಂದೇ ಹೇಳಬೇಕು.

ಇನ್ನೊಂದು ನಿಜವಾದ ಹಾಲಿನ ಅಲರ್ಜಿ. ಹಾಲಿನ ಪ್ರೋಟೀನನ್ನು ಮೈ ಶತ್ರು ಎಂದುಕೊಳ್ಳುವುದು. ಇದರಲ್ಲಿ ಗಂದೆ ಏಳುವುದುಂಟು. ಆದರೆ ಇದು ಹೆಚ್ಚಾಗಿ ಎಳೆ ಮಕ್ಕಳ ತೊಂದರೆ, ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ಹೋಗಿಬಿಡುತ್ತದೆ. ಕುಡಿದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಪುಷ್ಯಮಾಸದ ಚಳಿಯಲ್ಲಿ ಕುಡಿದರೂ ಬಿಡುವುದಿಲ್ಲ. ನಿಮ್ಮ ಮಗ ಇಪ್ಪತ್ತು ವರ್ಷ ನಿಮ್ಮ ಎಮ್ಮೆಯ ಹಾಲನ್ನೇ ಕುಡಿದು ಬೆಳೆದವನು. ಸೆಕೆಯಾದಾಗ ಮಾತ್ರ ಏಳುತ್ತದೆ, ಹಾಲು ಬಿಟ್ಟು ಮೂರು ತಿಂಗಳಾದರೂ ಏಳುತ್ತಿದೆ. ಹಾಗಿದ್ದ ಮೇಲೆ ಹಾಲಿನ ಮೇಲೆ ಅಪವಾದ ಹೊರಿಸಲು ನನಗೆ ಮನಸ್ಸು ಬರುವುದಿಲ್ಲ.

ಆದರೂ ಟೀ ಕುಡಿದರೆ ಏಳುತ್ತಿತ್ತಲ್ಲ ಎಂದು ಕೇಳಿದ್ದೀರಿ. ನಾನೂ ವರ್ಷಗಟ್ಟಲೆ ಅದೇ ಲೆಕ್ಕದಲ್ಲಿದ್ದೆ. ಕಾರ್ತಿಕದಲ್ಲಿ ಹಾಲು ಬಿಟ್ಟೆ, ಗಂದೆ ಇಳಿಯಿತು. ಹಾಲೇ ಕಾರಣ ಅಂತ ಮನೆಯವರೆಲ್ಲ ಒಪ್ಪಿಕೊಂಡರು. ಚಳಿಗಾಲ ಬಂದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಹಾಲಿಲ್ಲದೆಯೂ ಗಂದೆ ಮರಳಿ ಬಂತು. ಆದರೂ ಹಾಲು ಬಿಟ್ಟೇ ವರ್ಷಗಳು ಕಳೆದವು. ಕೊನೆಗೆ ಬೆಂಗಳೂರಿನ ಒಬ್ಬ ಚರ್ಮದ ವೈದ್ಯೆ ನನ್ನನ್ನು ಒಂದು ಮಾತು ಕೇಳಿದರು. ಹಾಲನ್ನು ಬಿಸಿಯಾಗಿ ಕುಡಿದಿರೋ ತಣ್ಣಗೆ ಕುಡಿದಿರೋ? ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದಂತೆ ಊರಿಗೆ ಬಂದು, ಬೆಳಗಿನ ಹೊತ್ತು ಬೇವಿನ ಮರದ ನೆರಳಲ್ಲಿ ಕೂತು ನೋಡಿದೆ. ಮೊದಲ ದಿನ ಕಾಯಿಸಿ ಆರಿಸಿದ ಹಾಲು, ಒಂದು ದೊಡ್ಡ ಲೋಟ. ಎರಡು ಗಂಟೆ ಕಾದೆ, ತೋಳು ಹಾಗೇ ಇತ್ತು. ಮರುದಿನ ಅದೇ ಹಾಲು, ತುಟಿ ಸುಡುವಷ್ಟು ಬಿಸಿ. ಲೋಟ ಮುಗಿಯುವ ಮೊದಲೇ ಹಣೆ ಬೆವರಿತು, ಮೊಣಕೈಯ ಒಳಮಡಿಕೆಯಲ್ಲಿ ಚುರುಚುರು, ಆಮೇಲೆ ಆ ರಾಗಿ ಕಾಳುಗಳು. ಮೂರನೆಯ ದಿನ ಹಾಲಿನ ಸುಳಿವೂ ಇಲ್ಲದ ಮೆಣಸಿನ ಸಾರು, ಅದೂ ಅಷ್ಟೇ ಬಿಸಿ. ಅದೇ ಜಾಗದಲ್ಲಿ ಅವೇ ಗಂದೆ! ಅವತ್ತು ನಾನು ಅತ್ತೆ ಅಕ್ಕಾ. ಆ ಹೊತ್ತಿಗೆ ನಾನು ನಾಲ್ಕು ಬೇಸಿಗೆ ಮಜ್ಜಿಗೆ ಇಲ್ಲದೆ ಕಳೆದಿದ್ದೆ. ನಮ್ಮ ಬಿಸಿಲಲ್ಲಿ ಮುದ್ದೆ ಉಂಡು ಮಜ್ಜಿಗೆ ಇಲ್ಲದೆ ಏಳುವುದು ಎಂಥದು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಹಾಗೆಂದು ಊಟಕ್ಕೂ ಸೆಕೆಯ ಗಂದೆಗೂ ಯಾವ ನಂಟೂ ಇಲ್ಲ ಎಂದು ನಾನು ಬರೆದರೆ ಅದು ತಪ್ಪಾಗುತ್ತದೆ. ಇನ್ನೊಂದು ಕಾಯಿಲೆ ಇದೆ. ಒಂದು ತಿನಿಸು ಸುಮ್ಮನೆ ತಿಂದರೆ ಏನೂ ಆಗುವುದಿಲ್ಲ, ಸುಮ್ಮನೆ ಓಡಿದರೂ ಏನೂ ಆಗುವುದಿಲ್ಲ, ತಿಂದು ಕೆಲವು ಗಂಟೆಯೊಳಗೆ ಮೈಮುರಿದು ದುಡಿದರೆ ಮಾತ್ರ ಮೈ ತಿರುಗಿಬೀಳುತ್ತದೆ. ಗೋಧಿ, ಸಿಗಡಿ ಇದರಲ್ಲಿ ಹೆಸರಾದವು, ಹಾಲಿನಿಂದ ಆಗುವುದು ಅಪರೂಪ. ಅದರಲ್ಲಿ ಗಂದೆ ಸಾಮಾನ್ಯವಾಗಿ ದೊಡ್ಡವು, ರಾಗಿ ಕಾಳಲ್ಲ, ರೂಪಾಯಿಯಷ್ಟು, ಅದಕ್ಕೂ ದೊಡ್ಡವು. ಅದಕ್ಕೇ ಒತ್ತಿ ಹೇಳುತ್ತೇನೆ. ಅವನಿಗೆ ಯಾವತ್ತಾದರೂ ಗಂದೆಯ ಜೊತೆ ತುಟಿ, ಕಣ್ಣು ಊದಿದ್ದರೆ, ಉಸಿರು ಕಟ್ಟಿದ್ದರೆ, ವಾಂತಿಯಾಗಿದ್ದರೆ, ಕಣ್ಣು ಕತ್ತಲೆ ಬಂದಿದ್ದರೆ, ನಾನು ಬರೆದ ಲೋಟದ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬೇಡಿ. ಅಂಥದ್ದು ಮುಂದೆ ಆದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಅವೇನೂ ಇಲ್ಲದಿದ್ದರೂ ಡಾಕ್ಟರನ್ನು ಒಂದು ಮಾತು ಕೇಳಿಯೇ ಮಾಡಿ.

ರಕ್ತ ಬೆಂಗಳೂರಿಗೆ ಕಳಿಸಿ ನೂರೆಂಟು ತಿನಿಸುಗಳ ಪಟ್ಟಿ ತರಿಸೋಣವೇ ಎಂದು ಕೇಳಿದ್ದೀರಿ. ಬೇಡ ಅಕ್ಕಾ. ನಾನು ತರಿಸಿದ್ದೆ, ಸಾವಿರಾರು ರೂಪಾಯಿ ಕೊಟ್ಟು. ಹಾಲು, ಶೇಂಗಾ, ಬದನೆ, ತೊಗರಿ ಎಲ್ಲದರ ಮುಂದೆ ಕೆಂಪು ಗುರುತು. ಶೇಂಗಾ ಬೆಳೆಯುವ ಮನೆಯಲ್ಲಿ ಶೇಂಗಾ ಬಿಟ್ಟು ಬದುಕುವುದೇ? ಆರು ತಿಂಗಳು ಒಣಗಿದ್ದೊಂದೇ ಬಂತು. ರಕ್ತದಲ್ಲಿ ಗುರುತು ಕಂಡ ಮಾತ್ರಕ್ಕೆ ಆ ತಿನಿಸು ಆಗುವುದಿಲ್ಲ ಎಂದಲ್ಲ. ತಿಂದಾಗ ಏನಾಗುತ್ತದೆ ಎಂಬುದರ ಜೊತೆ ಇಟ್ಟು ನೋಡಬೇಕು. ನಿಜವಾಗಿ ಬೇಕಾದ ಪರೀಕ್ಷೆ ಸರಳವಾದದ್ದು. ಡಾಕ್ಟರು ಎದುರಿಗೇ ಸೈಕಲ್ ತುಳಿಸಿ ಬೆವರಿಸಿ ನೋಡುತ್ತಾರೆ, ಇಲ್ಲವೇ ಬಿಸಿನೀರಲ್ಲಿ ಕೂರಿಸಿ ಮೈಯ ಬಿಸಿ ಒಂದು ಡಿಗ್ರಿ ಏರುವವರೆಗೆ ಕಾಯುತ್ತಾರೆ.

ಮಾತ್ರೆ ಇದೆ. ಮಂಪರು ಕಡಿಮೆ ಇರುವ ಈಗಿನ ಹಿಸ್ಟಮಿನ್ ತಡೆಯುವ ಮಾತ್ರೆಗಳು. ಗಂದೆ ಎದ್ದಾಗ ಮಾತ್ರ ನುಂಗುವುದಲ್ಲ, ದಿನಾ ತೆಗೆದುಕೊಳ್ಳಬೇಕು. ಸಾಲದಿದ್ದರೆ ಡಾಕ್ಟರೇ ಪ್ರಮಾಣ ಹೆಚ್ಚಿಸುತ್ತಾರೆ, ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು, ಅದಕ್ಕೂ ಜಗ್ಗದವರಿಗೆ ಓಮಲಿಜುಮಾಬ್ ಎಂಬ ಚುಚ್ಚುಮದ್ದಿದೆ. ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಹಳೆಯ ಮಂಪರಿನ ಮಾತ್ರೆ ತಿಂದು ಅವನು ಇಸ್ತ್ರಿ ಹಿಡಿಯುವುದು, ಗಾಡಿ ಓಡಿಸುವುದು ಬೇಡ. ಥಟ್ಟನೆ ಇಳಿಯುತ್ತದೆ ಎಂದು ಪದೇ ಪದೇ ಸ್ಟೀರಾಯ್ಡ್ ಸೂಜಿ ಹಾಕಿಸುವುದೂ ಬೇಡ. ಇನ್ನೊಂದು ವಿಷಯ ತಪ್ಪದೆ ಗಮನಿಸಿ. ಜೊತೆಯವರೆಲ್ಲ ಬೆವರಿ ತೊಯ್ದಾಗ ಇವನ ಮೈ ಒಣಗಿಯೇ ಇರುತ್ತದೆಯೇ? ಈ ಕಾಯಿಲೆಯ ಕೆಲವರಿಗೆ ಬೆವರೇ ಸರಿಯಾಗಿ ಬರುವುದಿಲ್ಲ. ಅಂಥವರಿಗೆ ತಗಡಿನ ಸೂರಿನ ಕೆಳಗೆ ಗಂದೆಗಿಂತ ಶಾಖದ ಹೊಡೆತವೇ ದೊಡ್ಡ ಅಪಾಯ. ಹೌದಾದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಮೇಸ್ತ್ರಿಯ ಹತ್ತಿರ ಮಾತಾಡಿ ಇಸ್ತ್ರಿ ಮೇಜಿನಿಂದ ಗುಂಡಿ ಹಾಕುವ ಕಡೆಗೆ, ಕಿಟಕಿಯ ಹತ್ತಿರ ಕೂರಿಸುವುದಾದರೆ ಅರ್ಧ ಔಷಧಿ ಅಲ್ಲೇ ಆದಂತೆ. ನಾನಂತೂ ಬೆಳಗಿನ ಜಾವ ಮೈ ಸ್ವಲ್ಪ ಬೆವರುವಷ್ಟು ನಡೆಯುವುದನ್ನು ವೈದ್ಯೆಯ ಮಾತಿನ ಮೇಲೆ ರೂಢಿ ಮಾಡಿಕೊಂಡೆ. ಒಮ್ಮೆ ಗಂದೆ ಎದ್ದು ಇಳಿದ ಮೇಲೆ ಕೆಲವರಿಗೆ ಒಂದಷ್ಟು ಹೊತ್ತು, ಒಂದು ದಿನದವರೆಗೂ, ಮತ್ತೆ ಏಳುವುದಿಲ್ಲ. ಆ ಬಿಡುವು ನನಗೆ ಕೆಲಸದ ಹೊತ್ತಿಗೆ ಸಿಗುತ್ತಿತ್ತು. ಇದನ್ನು ಮಾತ್ರ ಕೇಳದೆ ಶುರುಮಾಡಬೇಡಿ.

ಹಾಲನ್ನು ಸುಮ್ಮನೆ ಬಿಡಬಾರದು ಎನ್ನಲು ಇನ್ನೊಂದು ಕಾರಣವಿದೆ. ನಿಮ್ಮದು ಮಾಂಸ, ಮೊಟ್ಟೆ ತಿನ್ನದ ಮನೆ. ಬಿ12 ಎಂಬ ಜೀವಸತ್ವ ನಿಮ್ಮ ಮನೆಗೆ ಬರುವುದೇ ಹಾಲು ಮೊಸರಿನಿಂದ. ಸುಣ್ಣದ ಅಂಶಕ್ಕೆ ರಾಗಿ ಇದೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ತೂಕದ ಹಾಲಿಗಿಂತ ಎಷ್ಟೋ ಹೆಚ್ಚು. ಆದರೆ ಬಿ12ಗೆ ರಾಗಿ ಆಗಿಬರುವುದಿಲ್ಲ.

ಹೇಗೂ ಬಳ್ಳಾರಿ ನಿಮಗೆ ಹತ್ತಿರ, ಅಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಫೋಟೋ ತೆಗೆದುಕೊಂಡು ಚರ್ಮದ ಡಾಕ್ಟರನ್ನು ಒಮ್ಮೆ ಕಾಣಿ. ಅವರು ಸರಿ ಎಂದರೆ, ಒಂದು ಬೆಳಗ್ಗೆ ತಂಪು ಹೊತ್ತಿನಲ್ಲಿ, ಆರಿಸಿದ ಹಾಲು ಒಂದು ಲೋಟ ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಏನಾಯಿತೆಂದು ನನಗೆ ಬರೆಯಿರಿ. ಅಲ್ಲಿಯವರೆಗೆ ಎಮ್ಮೆ ಕೊಟ್ಟಿಗೆಯಲ್ಲೇ ಇರಲಿ ಎಂದು ಯಜಮಾನರಿಗೆ ನಾನು ಕೇಳಿಕೊಂಡೆನೆಂದು ಹೇಳಿ.

ಇಂತಿ ನಿಮ್ಮ ತಂಗಿ