ದುಡ್ಡು ಕೊಟ್ಟಿದ್ದೀವಿ ಗುರೂ!

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ನಾವು ಮೂವರು ರೂಮ್‌ಮೇಟ್ಸ್ ಸೇರಿ ಒಂದು ಗೇಮ್ ಮಾಡಿದ್ವಿ. ಆಟ ಸಿಂಪಲ್. ನೀವು ಕಂಡಕ್ಟರ್. ರಶ್ ಬಸ್ಸಲ್ಲಿ ಮುಂದಿನ ಸ್ಟಾಪ್ ಬರೋದ್ರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು, ಸರಿಯಾಗಿ ಚಿಲ್ಲರೆ ವಾಪಸ್ ಮಾಡಬೇಕು. ಟೆಕ್ ಫೆಸ್ಟಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಪಕ್ಕದಲ್ಲೊಂದು ನೋಟ್‌ಬುಕ್: "ಅನಿಸಿದ್ದನ್ನು ಬರೆಯಿರಿ."

ಸಂಜೆ ತೆರೆದು ನೋಡಿದರೆ, "ವೇಸ್ಟ್." "ಇದಕ್ಕೂ ಮಾರ್ಕ್ಸ್ ಕೊಡ್ತಾರಾ?" "ಬರಲ್ಲ ಅಂದ್ಮೇಲೆ ಯಾಕ್ರೋ ಮಾಡ್ತೀರ?" ಮೂರು ವಾರ ನಿದ್ದೆಗೆಟ್ಟು ಮಾಡಿದ್ದು. ಅವತ್ತು ಮೆಸ್ಸಿನ ಊಟ ಗಂಟಲಲ್ಲಿ ಇಳಿಯಲಿಲ್ಲ.

ಆದರೆ ನಿಜ ಹೇಳ್ಬೇಕಂದ್ರೆ ನಾವೂ ಸಾಚಾ ಅಲ್ಲ. ಒಂದು ರಾತ್ರಿ ಮ್ಯಾಚ್ ಮಧ್ಯೆ ಸರ್ವರ್ ಬಿದ್ದಾಗ ಆ ಗೇಮಿನವರಿಗೆ ನಾವು ಬರೆದಿದ್ದನ್ನು ಮನೇಲಿ ಓದೋ ಹಾಗಿಲ್ಲ. ನಮ್ಮದು ಒಂದೇ ವಾದ: ದುಡ್ಡು ಕೊಟ್ಟಿದ್ದೀವಿ!

ಈ ವಾದ ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ನೋ ಮ್ಯಾನ್ಸ್ ಸ್ಕೈ ಉದಾಹರಣೆ. ಹಲೋ ಗೇಮ್ಸ್ ಅನ್ನೋ ಇಂಗ್ಲೆಂಡಿನ ಪುಟ್ಟ ತಂಡ ಮಾಡಿದ ಗೇಮ್. 2016ರ ಜೂನ್‌ನಲ್ಲಿ ಬರಬೇಕಿದ್ದದ್ದು ಆಗಸ್ಟಿಗೆ ಹೋಯ್ತು ಅಂದಿದ್ದಕ್ಕೇ ತಂಡದ ಮುಖ್ಯಸ್ಥ ಶಾನ್ ಮರ್ರಿಗೆ ಕೊಲೆ ಬೆದರಿಕೆ ಬಂತು! ಗೇಮ್ ಬಂದ ಮೇಲೆ ಜನ ಸಿಟ್ಟಾಗಿದ್ದಕ್ಕೆ ಮಾತ್ರ ಕಾರಣ ಇತ್ತು. ಬೇರೆ ಆಟಗಾರರು ಸಿಗಬಹುದು ಅಂದಿದ್ರು. ಇಬ್ಬರು ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರೂ ಒಬ್ಬರಿಗೊಬ್ಬರು ಕಾಣಲೇ ಇಲ್ಲ. ತಂಡ ಹೆಚ್ಚು ಮಾತಾಡದೆ ಕೆಲಸಕ್ಕೆ ಕೂತಿತು. ಒಂದಾದಮೇಲೊಂದು ಉಚಿತ ಅಪ್‌ಡೇಟ್ ಕೊಟ್ಟು, 2018ರ ಜುಲೈನಲ್ಲಿ ಪೂರ್ತಿ ಮಲ್ಟಿಪ್ಲೇಯರ್ ತಂದಿತು. "ಹೇಳಿದ್ದು ಇದರಲ್ಲಿಲ್ಲ" ಅನ್ನೋ ದೂರಿನಿಂದ ಗೇಮ್ ರಿಪೇರಿ ಆಗಬಹುದು. ಕೊಲೆ ಬೆದರಿಕೆಯಿಂದ ಏನು ರಿಪೇರಿ ಆಗುತ್ತೆ?

ದುಡ್ಡು ಕೊಟ್ಟವರು ಸುಮ್ಮನಿರಬೇಕು ಅಂತಲ್ಲ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಕೇಳಬಹುದು. ಕೇಳೋಣ, ಅದು ನಮ್ಮ ಹಕ್ಕು. ಗೇಮ್ ಚೆನ್ನಾಗಿಲ್ಲ ಅಂತ ನೇರವಾಗಿ ಹೇಳೋದೂ ಹಕ್ಕೇ. ಆದರೆ ನಾವು ಕೊಂಡಿದ್ದು ಗೇಮನ್ನ, ಮಾಡಿದವರನ್ನಲ್ಲ.

ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಯಾರೋ ಬರೆದಿದ್ರು: "ಮೂರನೇ ಸ್ಟಾಪ್ ಆದ್ಮೇಲೆ ಚಿಲ್ಲರೆ ಲೆಕ್ಕ ತಪ್ಪುತ್ತೆ. ಟೈಮ್ ಜಾಸ್ತಿ ಕೊಡಿ." ಅವತ್ತೇ ರಾತ್ರಿ ಕೋಡ್ ನೋಡಿದ್ವಿ. ಮೂರನೇ ಸ್ಟಾಪಿನ ನಂತರ ಹಿಂದಿನ ಪ್ಯಾಸೆಂಜರ್ ಲೆಕ್ಕವನ್ನ ಸೊನ್ನೆ ಮಾಡೋದನ್ನೇ ಮರೆತಿದ್ವಿ! ಟೈಮ್ ಜಾಸ್ತಿ ಕೊಟ್ಟಿದ್ದರೂ ಸರಿಹೋಗ್ತಿರಲಿಲ್ಲ. ಆಡಿದವರು ಹೇಳಿದ ಮದ್ದು ತಪ್ಪು, ಆದರೆ ನೋವು ಎಲ್ಲಿ ಅಂತ ತೋರಿಸಿದ್ದು ಸರಿ. "ವೇಸ್ಟ್" ಅಂದವರೂ ಬಹುಶಃ ಅಲ್ಲೇ ಎಡವಿರಬೇಕು. ಎಲ್ಲಿ ಅಂತ ಬರೆಯಲಿಲ್ಲ, ಅಷ್ಟೇ.

ಒಂದು ಸಾಲು ಸೇರಿಸಿ ಬಗ್ ತೆಗೆದ್ವಿ. ಆಮೇಲೆ ಆ ಸರ್ವರ್ ಬಿದ್ದ ರಾತ್ರಿ ಬರೆದಿದ್ದನ್ನ ಹುಡುಕಿ ಡಿಲೀಟ್ ಮಾಡಿ, ಯಾವ ಮ್ಯಾಪ್, ಎಷ್ಟು ಹೊತ್ತಿಗೆ, ಏನಾಯ್ತು ಅಂತ ಹೊಸದಾಗಿ ಬರೆದು ಕಳಿಸಿದ್ವಿ.

ಉತ್ತರ ಇನ್ನೂ ಬಂದಿಲ್ಲ. ಬೈಯೋಕೆ ಬಾಯಿ ತುರಿಸ್ತಿದೆ, ತಡ್ಕೊಂಡಿದ್ದೀವಿ.